ಜರ್ಮನಿಯಲ್ಲಿ ಮನೆ ಇಂಟರ್ನೆಟ್: 19.99 ಅಂದರು, ಬಿಲ್ 94.88 ಬಂತು. ಯಾರಾದರೂ ಬಿಡಿಸಿ ಹೇಳ್ತೀರಾ?

ಫಾಯರ್‌ಬಾಖ್ ಹೊಸಬ:

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಕೊನೆಗೆ ಬೆಂಗಳೂರು ಬಿಟ್ಟು ಸ್ಟುಟ್‌ಗಾರ್ಟಿಗೆ ಬಂದೆ. ಕಂಪನಿ ಕೊಟ್ಟಿದ್ದ ರೂಮು ಒಂದು ತಿಂಗಳಿಗೆ ಮುಗಿಯಿತು, ಈಗ ಪುಣೆಯ ಹುಡುಗನೊಬ್ಬನ ಜೊತೆ ಇದ್ದೇನೆ. ಅವನು ಇಷ್ಟು ದಿನ ಮೊಬೈಲ್ ಹಾಟ್‌ಸ್ಪಾಟಲ್ಲೇ ಕಾಲ ಹಾಕುತ್ತಿದ್ದ. ನನಗೆ ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ, ಹಾಗಾಗಿ ಇಂಟರ್ನೆಟ್ ಹಾಕಿಸೋ ಕೆಲಸ ನನ್ನ ತಲೆಗೆ ಬಂತು.

ಆನ್‌ಲೈನಲ್ಲಿ ಎಲ್ಲ ಜರ್ಮನ್‌ನಲ್ಲಿತ್ತು, ಅಂಗಡಿಗೇ ಹೋದರೆ ಸೇಫು ಅಂದುಕೊಂಡು ಹೋದೆ. ಕೌಂಟರಿನಲ್ಲಿದ್ದ ಹುಡುಗ ಇಂಗ್ಲಿಷಲ್ಲಿ ಚೆನ್ನಾಗಿ ಮಾತಾಡಿದ. ಗೋಡೆ ಮೇಲೆ ಇಷ್ಟು ದಪ್ಪ ಅಕ್ಷರದಲ್ಲಿ 19.99 ಅಂತಿತ್ತು, 100 ಎಂಬಿ ಸ್ಪೀಡ್. ಸಹಿ ಹಾಕಿ, ಒಂದು ಬಿಳಿ ಫೈಲ್ ಇಸ್ಕೊಂಡು ಬಂದೆ. ಜೂನ್ 11ಕ್ಕೆ ಲೈನ್ ಶುರುವಾಯಿತು. ಮೊನ್ನೆ ಮೊದಲ ಬಿಲ್ ಬಂದಿದೆ ನೋಡಿ, 94.88 ಯೂರೊ. ಅದೂ 20 ದಿನಕ್ಕೆ!

ಬಿಲ್ಲಿನಲ್ಲಿ ಇರೋದು ಹೀಗಿದೆ: ಗ್ರುಂಡ್‌ಪ್ರೈಸ್ 29.99, ಆಮೇಲೆ ಗುಟ್‌ಶ್ರಿಫ್ಟ್ ಅಂತ ಮೈನಸ್ 16.67, ರೌಟರ್ 4.66, ಬೆರೈಟ್‌ಸ್ಟೆಲುಂಗ್ ಅಂತ 69.95, ಫೆರ್ಸಾಂಡ್ 6.95. ಕೆಳಗೆ 79.73, ಅದರ ಮೇಲೆ 19% ತೆರಿಗೆ 15.15. ನಾನು ಮಾತಾಡಿಕೊಂಡಿದ್ದ 19.99 ಅನ್ನೋದು ಈ ಕಾಗದದಲ್ಲಿ ಎಲ್ಲೂ ಇಲ್ಲವೇ ಇಲ್ಲ!

ಇದು ಸಾಲದು ಅಂತ 55.08 ಕಟ್ಟಿ ಅಂತ ಇನ್ನೊಂದು ಪತ್ರ ಬಂದಿದೆ. ಅದರಲ್ಲಿ ರುಂಡ್‌ಫುಂಕ್ ಅಂತೇನೋ ಇದೆ, ಇದೂ ಇಂಟರ್ನೆಟ್ಟಿಗೆ ಸೇರಿದ್ದಾ? ಸ್ಪೀಡ್ ನೋಡಿದರೆ ನನ್ನ ರೂಮಿನಲ್ಲಿ 54 ಬರುತ್ತೆ. ಆಫೀಸಿನಲ್ಲಿ ಒಬ್ಬರು, ಎರಡು ವರ್ಷದ ಕರಾರು ಮುಗಿಯೋಕೆ ಮೂರು ತಿಂಗಳು ಮುಂಚೆ ಪತ್ರ ಬರೆಯದಿದ್ದರೆ ಇನ್ನೊಂದು ವರ್ಷ ಸಿಕ್ಕಿಹಾಕ್ಕೊಂಡೆ ಅಂತ ತಿಳ್ಕೋ ಅಂದರು. ಅದು ಕೇಳಿ ಇನ್ನೂ ಗಾಬರಿ.

ಬೆಂಗಳೂರಲ್ಲಿ 799ರ ಪ್ಲಾನಿಗೆ 18% ಜಿಎಸ್‌ಟಿ ಸೇರಿ 943 ರೂಪಾಯಿ ಕಟ್ತಿದ್ದೆ. ಲೈನ್ ಹೋದರೆ ಕೇಬಲ್ ಹುಡುಗನಿಗೆ ವಾಟ್ಸಾಪ್ ಮಾಡ್ತಿದ್ದೆ. ಬೇಡ ಅಂದರೆ ರೀಚಾರ್ಜ್ ಮಾಡದೆ ಇದ್ದರೆ ಆಯ್ತು, ಕಥೆ ಮುಗೀತು. ಇಲ್ಲಿ ಏನು ಮಾಡಬೇಕೋ ಗೊತ್ತಾಗ್ತಿಲ್ಲ. ಬ್ಯಾಂಕಿಗೆ ಹೇಳಿ ದುಡ್ಡು ವಾಪಸ್ ಎಳೆಸಲಾ?

ಹಾಸನದ ಸೊಸೆ, ಕಾರ್ಲ್ಸ್‌ರೂಹೆ:

ಮೊದಲು ಒಂದು ಲೋಟ ಕಾಫಿ ಕುಡಿಯಿರಿ. ದುಡ್ಡು ವಾಪಸ್ ಎಳೆಸಬೇಡಿ, ದಯವಿಟ್ಟು. ಬಿಲ್ ಸರಿಯಾಗಿದೆ. ನಿಮ್ಮ ಲೆಕ್ಕವೂ ತಪ್ಪಲ್ಲ, ನಿಮಗೆ ಹೇಳಿದ ರೀತಿ ತಪ್ಪು.

ನಿಮ್ಮ ಪ್ಲಾನಿನ ನಿಜವಾದ ಬೆಲೆ 19.99 ಅಲ್ಲ, 44.99. ಗ್ರುಂಡ್‌ಪ್ರೈಸ್ ಅಂದರೆ ಮೂಲ ಬೆಲೆ. ಜೂನ್ 11ರಿಂದ 30ರವರೆಗೆ 20 ದಿನ, 44.99ರಲ್ಲಿ 30ಕ್ಕೆ 20 ಪಾಲು ಹಾಕಿ, 29.99 ಬರುತ್ತೆ. ಗುಟ್‌ಶ್ರಿಫ್ಟ್ ಅಂದರೆ ನಿಮಗೆ ಕೊಡೋ ರಿಯಾಯಿತಿ. ತಿಂಗಳಿಗೆ 25 ಯೂರೊ ಬಿಟ್ಟಿದ್ದಾರೆ, 20 ದಿನಕ್ಕೆ ಅದು 16.67. ರೌಟರ್ ಬಾಡಿಗೆ ತಿಂಗಳಿಗೆ 6.99 ಇರಬೇಕು, 20 ದಿನಕ್ಕೆ 4.66. ಇಷ್ಟೂ ಕೂಡಿ ಕಳೆದರೆ 17.98, ಅಂದರೆ 20 ದಿನದ ಇಂಟರ್ನೆಟ್ಟಿಗೆ ನೀವು ಕೊಟ್ಟಿದ್ದು ಇಷ್ಟೇ. ಉಳಿದ 76.90 ಒಂದೇ ಸಲದ್ದು. 69.95 ಲೈನ್ ಹಚ್ಚೋಕೆ, 6.95 ರೌಟರನ್ನು ಪಾರ್ಸಲ್ ಮಾಡೋಕೆ. ಮುಂದಿನ ತಿಂಗಳು ಇವೆರಡೂ ಬರಲ್ಲ, ಬಿಲ್ 26.98 ಬರುತ್ತೆ. ಬರದಿದ್ದರೆ ಇಲ್ಲೇ ಬಂದು ನನ್ನನ್ನು ಬೈಯಿರಿ.

ತೆರಿಗೆಗೂ ಹೆದರಬೇಡಿ. ಊರಲ್ಲಿ ಬೆಲೆ ಹೇಳಿ ಅದರ ಮೇಲೆ ಜಿಎಸ್‌ಟಿ ಹಾಕ್ತಾರೆ. ಇಲ್ಲಿ ಗ್ರಾಹಕರಿಗೆ ತೋರಿಸೋ ಬೆಲೆಯಲ್ಲೇ 19% ಸೇರಿರುತ್ತೆ. 79.73 ಮತ್ತು 15.15 ಅಂತ ಬಿಡಿಸಿ ತೋರಿಸೋದು ಲೆಕ್ಕಕ್ಕೆ ಅಷ್ಟೇ, ಎರಡು ಕೂಡಿದರೆ ಅದೇ 94.88.

ನಿಮಗೆ ಬೇಜಾರಾಗೋ ಲೆಕ್ಕ ಈಗ ಹೇಳ್ತೀನಿ. 19.99 ಮೊದಲ ಆರು ತಿಂಗಳಿಗೆ ಮಾತ್ರ ಇರಬೇಕು, ಸಾಮಾನ್ಯವಾಗಿ ಹಾಗೇ ಇರೋದು. ಆರು ತಿಂಗಳಿಗೆ 119.94. ಉಳಿದ 18 ತಿಂಗಳು 44.99ರ ಹಾಗೆ 809.82. ರೌಟರ್ 24 ತಿಂಗಳಿಗೆ 167.76. ಶುರುವಿನ 76.90. ಎಲ್ಲ ಸೇರಿ 1174.42 ಯೂರೊ, 24ರಿಂದ ಭಾಗಿಸಿದರೆ ತಿಂಗಳಿಗೆ 48.93. ಗೋಡೆ ಮೇಲೆ ಬರೆಯಬೇಕಿದ್ದದ್ದು ಇದು. ನಾನು ಬಂದ ಹೊಸದರಲ್ಲಿ ಈ ಲೆಕ್ಕ ಹಾಕದೆ ಏಳನೇ ತಿಂಗಳು ಯಜಮಾನರ ಜೊತೆ ಜಗಳ ಆಡಿದ್ದೆ, ನೀನೇನೋ ಎಕ್ಸ್‌ಟ್ರಾ ಪ್ಯಾಕ್ ಒತ್ತಿದ್ದೀಯ ಅಂತ ಅವರು, ನಾನಲ್ಲ ನೀವೇ ಅಂತ ನಾನು.

ಅಂಗಡಿಯವರು ಕೊಟ್ಟ ಬಿಳಿ ಫೈಲ್ ಇದೆಯಲ್ಲಾ, ಅದನ್ನು ತೆಗೆದು ನೋಡಿ. ಅದರಲ್ಲಿ ಫೆರ್ಟ್ರಾಗ್ಸ್‌ಟ್ಸುಜಾಮೆನ್‌ಫಾಸುಂಗ್ ಅಂತ ಒಂದು ಹಾಳೆ ಇರಬೇಕು. ಒಂದೇ ಉಸಿರಿಗೆ ಓದೋಕಾಗಲ್ಲ, ಆದರೆ ಅರ್ಥ ಸುಲಭ, ಕರಾರಿನ ಸಾರಾಂಶ. ಸಹಿಗೆ ಮುಂಚೆ ಅದನ್ನು ಕೊಡಲೇಬೇಕು ಅಂತ ಕಾನೂನಿದೆ. ಏಳನೇ ತಿಂಗಳಿಂದ ಎಷ್ಟು ಅನ್ನೋದು ಅದರಲ್ಲೇ ಇರುತ್ತೆ.

ಹಳೇ ಹುಲಿ, ಮ್ಯೂನಿಕ್:

ಮೇಡಂ ಲೆಕ್ಕ ಚೆನ್ನಾಗಿ ಹಾಕಿದ್ದಾರೆ. ನಾನು ಎರಡು ಮಾತು ಸೇರಿಸ್ತೀನಿ, 2011ರಿಂದ ಇಲ್ಲಿದ್ದೀನಿ.

ಅಂಗಡಿಗೆ ಹೋದರೆ ಸೇಫು ಅಂದುಕೊಂಡಿರಲ್ಲ, ಅದು ಉಲ್ಟಾ. ಆನ್‌ಲೈನಲ್ಲೋ ಫೋನಲ್ಲೋ ಮನೆ ಬಾಗಿಲಿಗೆ ಬಂದವನ ಹತ್ತಿರವೋ ತಗೊಂಡಿದ್ದರೆ 14 ದಿನದೊಳಗೆ ಯಾವ ಕಾರಣವೂ ಹೇಳದೆ ಬೇಡ ಅನ್ನಬಹುದು. ಇದಕ್ಕೆ ವಿಡರ್‌ರುಫ್ ಅಂತಾರೆ. ಅಂಗಡಿಯಲ್ಲಿ ನಿಂತು ಸಹಿ ಹಾಕಿದರೆ ಆ ಹಕ್ಕು ಇಲ್ಲ. ನಮ್ಮವರು ಎಲ್ಲರೂ ಇಲ್ಲೇ ಎಡವೋದು, ಎದುರಿಗೆ ಮನುಷ್ಯ ಇದ್ದಾನಲ್ಲ ಅಂತ ಧೈರ್ಯ.

55.08 ಇಂಟರ್ನೆಟ್ಟಿನದಲ್ಲ. ಅದು ಸಾರ್ವಜನಿಕ ರೇಡಿಯೊ ಟಿವಿಗೆ ಪ್ರತಿ ಮನೆಯವರೂ ಕಟ್ಟೋ ದುಡ್ಡು. ತಿಂಗಳಿಗೆ 18.36, ಮೂರು ತಿಂಗಳದ್ದು ಒಟ್ಟಿಗೆ ಕೇಳ್ತಾರೆ. ಹಳಬರು ಈಗಲೂ ಇದನ್ನು, ಹಿಂದೆ ವಸೂಲಿ ಮಾಡ್ತಿದ್ದ ಸಂಸ್ಥೆಯ ಹೆಸರಲ್ಲಿ, ಜಿಇಝೆಡ್ ಅಂತಲೇ ಕರೆಯೋದು. ನನ್ನ ಮನೇಲಿ ಟಿವಿಯೇ ಇಲ್ಲ ಅಂದರೆ ಕೇಳಲ್ಲ, ಆ ಕಾಲ 2013ಕ್ಕೇ ಹೋಯಿತು, ಈಗ ಮನೆಗಿಷ್ಟು ಅಂತ. ನೀವು ಊರಿಗೆ ಬಂದು ವಿಳಾಸ ನೋಂದಾಯಿಸಿದ್ದೀರಲ್ಲ, ಅಲ್ಲಿಂದ ನಿಮ್ಮ ಹೆಸರು ಅವರಿಗೆ ಹೋಗುತ್ತೆ. ಕಸದ ಬುಟ್ಟಿಗೆ ಹಾಕಿದರೆ ದಂಡ ಸೇರಿ ಮತ್ತೆ ಬರುತ್ತೆ. ನಾನು ಹಾಕಿ ನೋಡಿದ್ದೀನಿ :)

ನಿಮ್ಮ ಆಫೀಸಿನವರು ಹೇಳಿದ ಮೂರು ತಿಂಗಳ ಮಾತು ಸರಿ. ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ, ರಿಜಿಸ್ಟರ್ ಪೋಸ್ಟಲ್ಲಿ ಪತ್ರ ಕಳಿಸಿ. ನನಗೆ ಒಂದು ವಾರ ತಡವಾಗಿ ಪೂರ್ತಿ ಒಂದು ವರ್ಷ ಹೆಚ್ಚಿಗೆ ಕಟ್ಟಿದೆ.

ಕುಂದಾಪ್ರ ಎಕ್ಸ್‌ಪ್ರೆಸ್:

ಹುಲಿ ಸಾರ್, ಮೊದಲ ಎರಡು ಮಾತಿಗೆ ಕೈ ಮುಗಿದೆ, ಮೂರನೆಯದು ಹಳೇ ಕಾಲದ್ದು ಮಾರಾಯ್ರೆ. 2021ರ ಡಿಸೆಂಬರ್ 1ಕ್ಕೆ ಟೆಲಿಕಾಂ ಕಾನೂನು ಬದಲಾಯಿತು. ಮೊದಲ ಕರಾರಿನ ಅವಧಿ ಮುಗಿದ ಮೇಲೆ ಅದು ಸುಮ್ನೆ ಮುಂದುವರಿದರೂ ಯಾವಾಗ ಬೇಕಾದರೂ ಒಂದು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು. ಒಂದು ವರ್ಷ ಕಟ್ಟಿಹಾಕೋ ಆಟ ಇಂಟರ್ನೆಟ್ ಫೋನಿನ ವಿಷಯದಲ್ಲಿ ಮುಗೀತು. ರಿಜಿಸ್ಟರ್ ಪೋಸ್ಟೂ ಬೇಡ. 2022ರ ಜುಲೈಯಿಂದ ವೆಬ್‌ಸೈಟಿನಲ್ಲಿ ಸೇರೋಕೆ ಬಟನ್ ಇಟ್ಟವರು ಬಿಡೋಕೂ ಒಂದು ಬಟನ್ ಇಡಲೇಬೇಕು. ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ ಇಟ್ಟಿರ್ತಾರೆ, ಫೆರ್ಟ್ರೇಗೆ ಕ್ಯುಂಡಿಗೆನ್ ಅಂತ ಹುಡುಕಿ. ಒತ್ತಿದ ಕೂಡಲೇ ದಿನ, ಗಂಟೆ ಹಾಕಿದ ಒಂದು ಮೇಲ್ ಬರಬೇಕು, ಅದನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಆದರೆ ಹೊಸಬರೇ, ಮೊದಲ 24 ತಿಂಗಳು ಮಾತ್ರ ಗಟ್ಟಿ. ಅದರ ಮಧ್ಯೆ ಬೇಡ ಅಂದರೆ ಬಿಡಲ್ಲ. ಕರಾರಿಗೆ ಮುಂಚೆ 12 ತಿಂಗಳದ್ದೂ ಒಂದು ಪ್ಲಾನ್ ಕೊಡಬೇಕು ಅಂತ ಕಾನೂನು ಹೇಳುತ್ತೆ, ಅಂಗಡಿಯವರು ಅದನ್ನು ಬಾಯಿಬಿಟ್ಟು ಹೇಳೋದು ಅಪರೂಪ. ನೀವು ಕೇಳಬೇಕಿತ್ತು.

ನೀವು ರೀಚಾರ್ಜ್ ಮಾಡದಿದ್ದರೆ ಕಥೆ ಮುಗೀತು ಅಂದಿರಲ್ಲ, ಎಲ್ಲ ಗೊಂದಲ ಇರೋದು ಆ ಒಂದು ಮಾತಿನಲ್ಲೇ. ನಮ್ಮಲ್ಲಿ ಮನೆ ಇಂಟರ್ನೆಟ್ ಹೆಚ್ಚುಕಮ್ಮಿ ಮೊದಲೇ ದುಡ್ಡು ಕಟ್ಟಿ ತಗೊಳ್ಳೋ ಸಾಮಾನು, ದುಡ್ಡು ನಿಂತರೆ ಲೈನ್ ನಿಲ್ಲುತ್ತೆ. ಇಲ್ಲಿ ಅದು ಬಾಡಿಗೆ ಮನೆ ಇದ್ದ ಹಾಗೆ. ಬೀಗ ಹಾಕಿಕೊಂಡು ಹೋದರೂ ಬಾಡಿಗೆ ಓಡುತ್ತಲೇ ಇರುತ್ತೆ. ದುಡ್ಡು ಕಟ್ಟದಿದ್ದರೆ ಲೈನ್ ನಿಲ್ಲುತ್ತೆ, ಸಾಲ ನಿಲ್ಲಲ್ಲ. ಆಮೇಲೆ ವಸೂಲಿಯವರ ಪತ್ರ, ಯಾರು ಸಾಲ ಸರಿಯಾಗಿ ಕಟ್ತಾರೆ ಅಂತ ದಾಖಲೆ ಇಡೋ ಶೂಫಾದಲ್ಲಿ ಹೆಸರು ಕೆಟ್ಟರೆ ನಾಳೆ ಮನೆ ಹುಡುಕೋಕೆ ಕಷ್ಟ. ಬ್ಯಾಂಕಿನಿಂದ ತಾನಾಗೇ ಕಡಿತವಾದ ದುಡ್ಡನ್ನು ಎಂಟು ವಾರದೊಳಗೆ ವಾಪಸ್ ಎಳೆಸಬಹುದು, ನಿಜ. ಅದು ನಿಜಕ್ಕೂ ತಪ್ಪು ಬಿಲ್ ಬಂದಾಗ ಬಳಸೋ ಕತ್ತಿ. ಬಿಲ್ಲಿನಲ್ಲಿ ಅನುಮಾನ ಇದ್ದರೆ ಯಾವ ಸಾಲು ತಪ್ಪು ಅಂತ ಮೊದಲು ಬರೆದು ಕಳಿಸಿ, ಅದಕ್ಕೂ ಎಂಟು ವಾರ ಟೈಮ್ ಇದೆ.

ಸ್ಪೀಡಿನ ವಿಷಯ. ಆ 54 ಎಲ್ಲಿ ನೋಡಿದ್ದು, ವೈಫೈಯಲ್ಲಾ ಕೇಬಲಲ್ಲಾ? ವೈಫೈ ಆದರೆ ಲೆಕ್ಕಕ್ಕಿಲ್ಲ. ರೌಟರಿಗೆ ಲ್ಯಾಪ್‌ಟಾಪನ್ನು ಕೇಬಲಲ್ಲಿ ಜೋಡಿಸಿ ನೋಡಿ. ನಿಮ್ಮದು ಹಳೇ ಟೆಲಿಫೋನ್ ತಂತಿಯ ಲೈನ್ ಆದರೆ ಬೀದಿಯಲ್ಲಿ ಒಂದು ಬೂದು ಬಣ್ಣದ ಪೆಟ್ಟಿಗೆ ನಿಂತಿರುತ್ತೆ, ನಾಯಿ ಕಾಲೆತ್ತೋ ಎತ್ತರದ್ದು. ಅಲ್ಲಿಂದ ನಿಮ್ಮ ಮನೆಗೆ ತಂತಿ ಉದ್ದ ಆದಷ್ಟೂ ಸ್ಪೀಡ್ ಕಮ್ಮಿ. ಅದಕ್ಕೇ ಜಾಹೀರಾತಲ್ಲಿ 100ರ ಹಿಂದೆ ಬಿಸ್ ಟ್ಸು ಅಂತ ಇರೋದು, ಅಂದರೆ ನೂರರವರೆಗೆ. ಕರಾರಿನ ಕಾಗದಗಳಲ್ಲಿ ಮೂರು ಅಂಕಿ ಕೊಟ್ಟಿರ್ತಾರೆ, ಹೆಚ್ಚೆಂದರೆ ಎಷ್ಟು, ಸಾಮಾನ್ಯವಾಗಿ ಎಷ್ಟು, ಕಮ್ಮಿ ಅಂದರೆ ಎಷ್ಟು. ನೋಡಬೇಕಾದ್ದು ಕೊನೆಯ ಎರಡನ್ನ.

ಕೇಬಲಲ್ಲೂ ಕಮ್ಮಿ ಬಂದರೆ ಕಂಪನಿಗೆ ಫೋನ್ ಮಾಡಿ ಸಿಟ್ಟು ಮಾಡ್ಕೊಂಡು ಪ್ರಯೋಜನ ಇಲ್ಲ. ಬುಂಡೆಸ್‌ನೆಟ್ಸ್‌ಅಗೆಂಟೂರ್ ಅಂತ ಸರ್ಕಾರದ ಸಂಸ್ಥೆ, ನಮ್ಮ ಟ್ರಾಯ್ ಇದ್ದ ಹಾಗೆ ಅಂದುಕೊಳ್ಳಿ. ಅವರದ್ದೇ ಒಂದು ಅಳತೆ ಆ್ಯಪ್ ಇದೆ, ಬ್ರೈಟ್‌ಬಾಂಡ್‌ಮೆಸುಂಗ್. ಕಂಪ್ಯೂಟರಿಗೆ ಹಾಕಿಕೊಂಡು ಮೂರು ಬೇರೆ ಬೇರೆ ದಿನ ಒಟ್ಟು 30 ಸಲ ಅಳೆಯಬೇಕು. ಬೇಸರದ ಕೆಲಸ, ಆದರೆ ಕೊನೆಗೆ ಸಿಗೋ ವರದಿಯನ್ನು ಕಂಪನಿಯವರು ಸುಮ್ನೆ ತಳ್ಳಿಹಾಕೋಕೆ ಆಗಲ್ಲ. ಬಿಲ್ ಕಮ್ಮಿ ಮಾಡಿಸಬಹುದು, ಇಲ್ಲ ಅಂದರೆ ಮಧ್ಯದಲ್ಲೇ ಕರಾರು ಬಿಡಬಹುದು.

ಲೈನ್ ಪೂರ್ತಿ ಸತ್ತರೆ ದೂರು ಕೊಟ್ಟ ದಿನ, ಸಮಯ ಬರೆದಿಡಿ. ಎರಡು ದಿನದಲ್ಲಿ ಸರಿಮಾಡದಿದ್ದರೆ ಮೂರನೇ, ನಾಲ್ಕನೇ ದಿನಕ್ಕೆ ತಲಾ 5 ಯೂರೊ, ಐದನೇ ದಿನದಿಂದ ದಿನಕ್ಕೆ 10 ಯೂರೊ ಅವರು ಕೊಡಬೇಕು, ದೊಡ್ಡ ಪ್ಲಾನಾದರೆ ಬಿಲ್ಲಿನ 10% ಮತ್ತು 20%, ಯಾವುದು ಜಾಸ್ತಿಯೋ ಅದು. ಹೋದ ಚಳಿಗಾಲದಲ್ಲಿ ನಮ್ಮ ಬೀದಿ ಅಗೆದು ಒಂಬತ್ತು ದಿನ ಲೈನ್ ಇರಲಿಲ್ಲ. ನಾನು ಬರೆದು ಕೇಳಿದೆ, 60 ಯೂರೊ ಬಂತು. ಪಕ್ಕದ ಮನೆಯವರು ಕೇಳಲಿಲ್ಲ, ಅವರಿಗೆ ಬರಲಿಲ್ಲ.

ಹಳೇ ಹುಲಿ, ಮ್ಯೂನಿಕ್:

ಓ, ಹೌದಾ! ನನ್ನ ಸಂಕಟ 2016ರದ್ದು, ಆ ಮೇಲೆ ಹೆದರಿ ಪ್ರತಿ ಸಲ ಮೂರು ತಿಂಗಳ ಮುಂಚೆಯೇ ಪತ್ರ ಹಾಕ್ತಾ ಬಂದಿದ್ದೀನಿ. ಇಷ್ಟು ವರ್ಷದ ರಿಜಿಸ್ಟರ್ ಪೋಸ್ಟಿನ ದುಡ್ಡು ದಂಡ ಅಲ್ವಾ. ತಪ್ಪು ಹೇಳಿದ್ದಕ್ಕೆ ಕ್ಷಮಿಸಿ ಹೊಸಬರೇ.

ಆದರೂ ಮುಂಚೆ ಬರೆಯೋದರಲ್ಲಿ ಒಂದು ಲಾಭ ಇದೆ. ಬಿಡ್ತೀನಿ ಅಂತ ಬರೆದ ಒಂದು ವಾರಕ್ಕೆ ಫೋನ್ ಬರುತ್ತೆ, ಯಾಕೆ ಸಾರ್, ಇರಿ, ಕಮ್ಮಿ ಮಾಡಿಕೊಡ್ತೀವಿ ಅಂತ. ಹೊಸ ಗ್ರಾಹಕರಿಗೆ ಮಾತ್ರ ಇಲ್ಲಿ ಮರ್ಯಾದೆ, ಹತ್ತು ವರ್ಷ ನಿಯತ್ತಾಗಿ ಕಟ್ಟಿದವನಿಗೆ ಪೂರ್ತಿ ಬೆಲೆ. ಆ ಆಫರ್ ಒಪ್ಪಿಕೊಂಡರೆ ಮತ್ತೆ 24 ತಿಂಗಳು ಶುರುವಾಗಬಹುದು, ಅದನ್ನು ಕೇಳಿಕೊಂಡು ಒಪ್ಪಿ.

ಫಾಯರ್‌ಬಾಖ್ ಹೊಸಬ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅರ್ಧ ಗಾಬರಿ ಇಳೀತು. ಇನ್ನೆರಡು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ಪುಣೆ ಹುಡುಗ ಆಗಲೇ ಆ ರೇಡಿಯೊ ದುಡ್ಡು ಕಟ್ತಿದ್ದಾನಂತೆ. ಹಾಗಾದರೆ ನಾನೂ ಕಟ್ಟಬೇಕಾ? ಮತ್ತೆ ಈ ರೌಟರ್ ಬಾಡಿಗೆ 167 ಯೂರೊ ಅಂದಿದ್ದು ಹೊಟ್ಟೆ ಉರೀತಿದೆ. ಅದನ್ನು ವಾಪಸ್ ಕೊಟ್ಟು ಸ್ವಂತದ್ದು ಹಾಕೋಕೆ ಬಿಡ್ತಾರಾ? ಬೆಂಗಳೂರಲ್ಲಿ ಅವರೇ ಕೊಟ್ಟಿದ್ದನ್ನು ಬಳಸ್ತಿದ್ದೆ, ಇದರ ಬಗ್ಗೆ ಯೋಚನೆಯೇ ಮಾಡಿರಲಿಲ್ಲ.

ಡಿಸೆಂಬರಲ್ಲಿ 19.99 ಇದ್ದದ್ದು 44.99 ಆಗುತ್ತಲ್ಲ, ಆಗ ಬೆಲೆ ಏರಿಸಿದರು ಅಂತ ಬಿಟ್ಟುಬಿಡೋಕೆ ಆಗುತ್ತಾ? ಇದು ಮೂರನೇದಾಯ್ತು, ಲೆಕ್ಕ ತಪ್ಪಿದೆ.

ಹಾಸನದ ಸೊಸೆ, ಕಾರ್ಲ್ಸ್‌ರೂಹೆ:

ಒಂದು ಮನೆಗೆ ಒಬ್ಬರು ಕಟ್ಟಿದರೆ ಸಾಕು. ಪುಣೆ ಹುಡುಗನ ಪತ್ರದಲ್ಲಿ ಬೈಟ್ರಾಗ್ಸ್‌ನುಮ್ಮರ್ ಅಂತ ಒಂದು ನಂಬರ್ ಇರುತ್ತೆ. ನಿಮಗೆ ಬಂದ ಪತ್ರಕ್ಕೆ ಉತ್ತರ ಕೊಡುವಾಗ, ಈ ಮನೆಗೆ ಇವರು ಕಟ್ತಿದ್ದಾರೆ ಅಂತ ಆ ನಂಬರ್ ಬರೆದು ಕಳಿಸಿ. ಆಮೇಲೆ ಅವನಿಗೆ ಅರ್ಧ ದುಡ್ಡು ಕೊಡಿ, ನ್ಯಾಯ ಅಲ್ವಾ. ಮುಂದೆ ಅವನು ಮನೆ ಬಿಟ್ಟರೆ ಕಟ್ಟೋ ಸರದಿ ನಿಮ್ಮದು, ಅದು ನೆನಪಿರಲಿ.

ರೌಟರ್ ಸ್ವಂತದ್ದು ಹಾಕೋದು ನಿಮ್ಮ ಹಕ್ಕು, 2016ರ ಆಗಸ್ಟ್‌ನಿಂದ ಇದೆ. ನಮ್ಮ ಮನೇಲಿ ಸೆಕೆಂಡ್ ಹ್ಯಾಂಡ್ ಫ್ರಿಟ್ಸ್‌ಬಾಕ್ಸ್, 60 ಯೂರೊಗೆ ಸಿಕ್ಕಿತು, ನಾಲ್ಕು ವರ್ಷವಾಯಿತು. ತಗೊಳ್ಳುವಾಗ ನಿಮ್ಮ ಲೈನಿಗೆ ಹೊಂದೋ ಮಾಡೆಲ್ಲಾ ನೋಡಿಕೊಳ್ಳಿ. ಟೆಲಿಫೋನ್ ತಂತಿಯದು ಬೇರೆ, ಟಿವಿ ಕೇಬಲಿನದು ಬೇರೆ, ಫೈಬರಿನದು ಬೇರೆ. ಈಗಾಗಲೇ ಬಾಡಿಗೆಗೆ ತಗೊಂಡಿದ್ದೀರಲ್ಲ, ಅದಕ್ಕೆ ಬೇರೆ ಅವಧಿ ಇದೆಯಾ ಅಂತ ಅದೇ ಫೈಲಲ್ಲಿ ನೋಡಿ. ನಮ್ಮದರಲ್ಲಿ ರೌಟರನ್ನು ಮಾತ್ರ ಒಂದು ತಿಂಗಳ ನೋಟಿಸಲ್ಲಿ ಬಿಡೋಕಾಯಿತು.

ಡಿಸೆಂಬರಿನದು ಬೆಲೆ ಏರಿಕೆ ಅಲ್ಲ, ನೀವು ಸಹಿ ಹಾಕಿದ ಬೆಲೆಯೇ ಅದು. ಅದರ ಮೇಲೆ ಅವರಾಗಿ ಏರಿಸಿದರೆ ಮಾತ್ರ, ತಿಳಿಸಿದ ಮೂರು ತಿಂಗಳೊಳಗೆ ಬಿಡಬಹುದು. ಅಂಥ ಮೇಲ್ ಸುಮಾರಾಗಿ ಸಿಹಿ ಮಾತಿನಲ್ಲೇ ಬರುತ್ತೆ, ನಿಮಗಾಗಿ ನೆಟ್‌ವರ್ಕ್ ಉತ್ತಮಪಡಿಸ್ತಿದ್ದೀವಿ ಅಂತ. ಕೊನೇವರೆಗೂ ಓದಿ.

ಇನ್ನೊಂದು ಹೇಳೋದು ಮರೆತಿದ್ದೆ, ಲ್ಯಾಂಡ್‌ಲೈನ್. ಇಂಟರ್ನೆಟ್ ಜೊತೆ ಒಂದು ಫೋನ್ ನಂಬರ್ ಕೊಟ್ಟಿರ್ತಾರೆ, ಫೋನ್ ಫ್ಲಾಟ್ ಅಂತ ಬರೆದಿರ್ತಾರೆ. ಆ ಫ್ಲಾಟ್ ಜರ್ಮನಿ ಒಳಗೆ ಮಾತ್ರ. ನಮ್ಮ ಮಾವ ಹಾಸನದಿಂದ ಬಂದಿದ್ದಾಗ ಮೊದಲ ವಾರ ವಾಟ್ಸಾಪಲ್ಲಿ ಮಾತಾಡಿ ಮಾತಾಡಿ ಬೇಸತ್ತಿದ್ದರು, ಮಧ್ಯೆ ಮಧ್ಯೆ ನಿಲ್ಲುತ್ತೆ ಅಂತ. ಒಂದು ಮಧ್ಯಾಹ್ನ ನಾವಿಬ್ಬರೂ ಆಫೀಸಿನಲ್ಲಿದ್ದಾಗ ಹಾಲಿನಲ್ಲಿದ್ದ ಕಪ್ಪು ಫೋನ್ ಕಂಡಿದೆ. ಡಬ್ಬಲ್ ಸೊನ್ನೆ ಒಂಬತ್ತು ಒಂದು ಹಾಕಿ ತಮ್ಮನಿಗೆ ಫೋನ್ ಮಾಡಿ ಮೆಣಸಿನ ಕೊಯ್ಲಿನ ವಿಷಯ 37 ನಿಮಿಷ ಮಾತಾಡಿದ್ದಾರೆ. ಸಂಜೆ ಬಂದರೆ ಎಷ್ಟು ಕ್ಲಿಯರಾಗಿ ಕೇಳುತ್ತೆ ನೋಡಮ್ಮ ನಿಮ್ಮ ಫೋನು ಅಂತ ಖುಷಿಯಾಗಿ ಹೇಳಿದರು. ನಮ್ಮ ಪ್ಲಾನಿನಲ್ಲಿ ಇಂಡಿಯಾಗೆ ನಿಮಿಷಕ್ಕೆ ಒಂದೂವರೆ ಯೂರೊ ಹತ್ತಿರ. ಆ ಒಂದು ಕಾಲ್ 50 ಯೂರೊ ದಾಟಿತ್ತು. ಅವರಿಗೆ ಇವತ್ತಿಗೂ ಹೇಳಿಲ್ಲ. ಫೋನಿನ ವಯರ್ ಮಾತ್ರ ಬಿಚ್ಚಿಟ್ಟೆ, ಕೆಟ್ಟಿದೆ ಮಾವ ಅಂದೆ. ರೌಟರ್ ಸೆಟ್ಟಿಂಗಲ್ಲಿ ಹೊರದೇಶದ ಕಾಲ್ ಬ್ಲಾಕ್ ಮಾಡೋಕೆ ಬರುತ್ತೆ, ಅಪ್ಪ ಅಮ್ಮ ಬರೋ ಮುಂಚೆ ಮಾಡಿಡಿ.

ಮೈಸೂರಿಗೆ ವಾಪಸ್:

ನಾನು ಈಗ ಜರ್ಮನಿಯಲ್ಲಿಲ್ಲ, ಹೋದ ಅಕ್ಟೋಬರಿಗೆ ಮೈಸೂರಿಗೆ ಬಂದೆ. ಬಂದಮೇಲೂ ನಾಲ್ಕು ತಿಂಗಳು ಅಲ್ಲಿಯ ಇಂಟರ್ನೆಟ್ ಕಂಪನಿ ಜೊತೆ ಒದ್ದಾಡಿದ್ದೀನಿ, ಅದಕ್ಕೆ ಬರೀತಿದ್ದೀನಿ. ಹೊಸಬರಿಗೆ ಇದು ಈಗ ಬೇಕಾಗಲ್ಲ, ಆದರೆ ಆನ್‌ಸೈಟ್ ಬಂದವರಿಗೆ ಯಾವತ್ತು ವಾಪಸ್ ಕರೀತಾರೋ ಯಾರಿಗೆ ಗೊತ್ತು.

ನನ್ನ ಕರಾರಿನಲ್ಲಿ ಇನ್ನೂ 14 ತಿಂಗಳು ಬಾಕಿ ಇತ್ತು. ಮನೆ ಬದಲಾಯಿಸಿದಾಗ ಹೊಸ ಜಾಗದಲ್ಲಿ ಅವರು ಅದೇ ಲೈನ್ ಕೊಡೋಕಾಗದಿದ್ದರೆ ಒಂದು ತಿಂಗಳ ನೋಟಿಸಲ್ಲಿ ಬಿಡಬಹುದು. ಮೈಸೂರಿನ ಕುವೆಂಪುನಗರಕ್ಕೆ ಅವರು ಲೈನ್ ಎಳೆಯೋಕೆ ಆಗುತ್ತಾ? ಆಗಲ್ಲ. ನಾನು ಒಂದು ತಿಂಗಳು ಮುಂಚೆ ಬರೆದೆ. ಊರು ಬಿಟ್ಟಿದ್ದಕ್ಕೆ ದಾಖಲೆ ಕಳಿಸಿ ಅಂದರು. ಆ ದಾಖಲೆ, ಅಬ್‌ಮೆಲ್ಡುಂಗ್, ಹೊರಡೋಕೆ ಒಂದು ವಾರ ಮುಂಚೆಯಷ್ಟೇ ಪಾಲಿಕೆ ಆಫೀಸಿನಲ್ಲಿ ಕೊಡೋದು. ದಾಖಲೆ ಇಲ್ಲದ್ದಕ್ಕೆ ನಿಮ್ಮ ಅರ್ಜಿ ಆಗಲ್ಲ ಅಂತ ಕಂಪನಿಯಿಂದ ಮೇಲ್. ನಾನು ಮತ್ತೆ ಬರೆದೆ, ನೋಟಿಸ್ ಕೊಟ್ಟಿದ್ದು ಇಂಥ ದಿನ, ದಾಖಲೆ ಬಂದ ದಿನವೇ ಕಳಿಸ್ತೀನಿ, ನೋಟಿಸಿನ ದಿನ ಬದಲಾಗಲ್ಲ ಅಂತ. ಕಳಿಸಿದೆ ಕೂಡ. ಆದರೂ ನವೆಂಬರ್, ಡಿಸೆಂಬರ್ ಎರಡೂ ತಿಂಗಳು ದುಡ್ಡು ಕಡಿತ ಮಾಡಿದರು.

ಅಲ್ಲಿಯ ಬ್ಯಾಂಕ್ ಅಕೌಂಟನ್ನು ಮುಚ್ಚದೆ ಬಂದಿದ್ದು ಒಳ್ಳೇದಾಯಿತು. ಕುಂದಾಪುರದವರು ಹೇಳಿದ ಕತ್ತಿ ಇದೆಯಲ್ಲ, ಅದನ್ನು ಇಲ್ಲಿ ಬಳಸಿದೆ. ಎರಡೂ ಕಡಿತ ಎಂಟು ವಾರದೊಳಗೆ ವಾಪಸ್ ಎಳೆಸಿದೆ, ಅದೇ ದಿನ ಕಾರಣ ಬರೆದು ಮೇಲ್ ಹಾಕಿದೆ. ಎರಡು ಎಚ್ಚರಿಕೆ ಪತ್ರ ಬಂತು, ಹಳೇ ಮನೆಯ ವಿಳಾಸಕ್ಕೆ, ಗೆಳೆಯ ಫೋಟೊ ತೆಗೆದು ಕಳಿಸಿದ. ಆಮೇಲೆ ಗ್ರಾಹಕರಿಗೆ ಸಲಹೆ ಕೊಡೋ ಫೆರ್‌ಬ್ರೌಖರ್‌ಟ್ಸೆಂಟ್ರಾಲೆ ಹತ್ತಿರ ಹೋಗಿ, ಬುಂಡೆಸ್‌ನೆಟ್ಸ್‌ಅಗೆಂಟೂರಿನ ರಾಜಿ ವಿಭಾಗಕ್ಕೂ ಅರ್ಜಿ ಹಾಕ್ತೀನಿ ಅಂತ ಬರೆದೆ. ಆ ರಾಜಿ ವಿಭಾಗಕ್ಕೆ ಫೀಸಿಲ್ಲ. ಹಾಕೋ ಪ್ರಮೇಯ ಬರಲಿಲ್ಲ, ಹತ್ತು ದಿನದಲ್ಲಿ ಕರಾರು ಮುಗಿದಿದೆ, ಬಾಕಿ ಸೊನ್ನೆ ಅಂತ ಉತ್ತರ ಬಂತು.

ಇದಾದ ಮೇಲೂ ರೌಟರ್ ವಾಪಸ್ ಬಂದಿಲ್ಲ ಅಂತ ಒಂದು ಬಿಲ್. ಪೋಸ್ಟ್ ಆಫೀಸಿನಲ್ಲಿ ಪಾರ್ಸಲ್ ಕೊಟ್ಟಾಗ ಕೊಡ್ತಾರಲ್ಲ, ಬೆರಳಗಲದ ಚೀಟಿ, ಅದು ಪಾಸ್‌ಪೋರ್ಟಿನ ಕವರಿನಲ್ಲಿ ಇತ್ತು. ಅದರ ಫೋಟೊ ಹಾಕಿದೆ, ಬಿಲ್ ರದ್ದು. ಆ ಚೀಟಿ ಇಲ್ಲದಿದ್ದರೆ ಯಾವ ಕಾನೂನೂ ನನ್ನ ಕೈ ಹಿಡೀತಿರಲಿಲ್ಲ.

ಹಾಂ, ರೇಡಿಯೊ ದುಡ್ಡಿಗೂ ಬೇರೆಯಾಗಿಯೇ ಬರೆಯಬೇಕು. ಪಾಲಿಕೆಯಲ್ಲಿ ಹೆಸರು ತೆಗೆಸಿದ ಕೂಡಲೇ ಅದು ತಾನಾಗೇ ನಿಲ್ಲುತ್ತೆ ಅಂತ ನಾನು ಅಂದುಕೊಂಡಿದ್ದೆ. ನಿಲ್ಲಲ್ಲ.

ಫಾಯರ್‌ಬಾಖ್ ಹೊಸಬ:

ಸರ್, ನಿಮ್ಮ ಕಥೆ ಓದಿ ಇಲ್ಲಿಂದಲೇ ಕೈ ಮುಗಿದೆ. ಪಾಸ್‌ಪೋರ್ಟ್ ಕವರಿಗೆ ನನ್ನ ಪಾರ್ಸಲ್ ಚೀಟಿಗಳೂ ಹೋದವು.

ಇವತ್ತು ಸಂಜೆ ಆಗಿದ್ದು ಹೇಳ್ತೀನಿ. ಪುಣೆ ಹುಡುಗನ ನಂಬರ್ ಹಾಕಿ 55.08ಕ್ಕೆ ಉತ್ತರ ಕಳಿಸಿದೆ. ಲ್ಯಾಪ್‌ಟಾಪನ್ನು ರೌಟರಿಗೆ ಕೇಬಲಲ್ಲಿ ಜೋಡಿಸಿದೆ, 93 ಬಂತು. ನನ್ನ ರೂಮಿಗೂ ರೌಟರಿಗೂ ನಡುವೆ ಬಾತ್‌ರೂಮಿನ ಎರಡು ಗೋಡೆ ಇದೆ, ಅಂದರೆ ತಪ್ಪು ಕಂಪನಿಯದಲ್ಲ, ಗೋಡೆಯದು. 30 ಸಲ ಅಳೆಯೋ ಕಷ್ಟ ಉಳೀತು. ರೌಟರ್ ಬಾಡಿಗೆ ಬಿಡ್ತೀನಿ ಅಂತ ಬಟನ್ ಒತ್ತಿದ್ದೀನಿ, ದಿನ ಗಂಟೆ ಹಾಕಿದ ಮೇಲ್ ಬಂದಿದೆ.

ಆ ಬಿಳಿ ಫೈಲ್ ಹುಡುಕೋಕೆ ಮಾತ್ರ ಅರ್ಧ ಗಂಟೆ ಹಿಡೀತು. ಮನೆಯವರ ಸ್ಟೀಲ್ ಕಿಚನ್ ಕಟ್ಟೆಗೆ ಗೀಚು ಬೀಳಬಾರದು ಅಂತ ಓನರಮ್ಮ ಹೇಳಿದ್ದರಲ್ಲ, ನಾವು ಒಂದು ತಿಂಗಳಿಂದ ಆ ಫೈಲನ್ನೇ ಕುಕ್ಕರ್ ಕೆಳಗೆ ಇಟ್ಟಿದ್ದೆವು. ಸಾರಾಂಶದ ಹಾಳೆ ಎರಡನೇ ಪುಟದಲ್ಲಿ ಏಳನೇ ತಿಂಗಳಿಂದ 44.99 ಅಂತ ಸ್ಪಷ್ಟವಾಗಿದೆ. ಬೇಳೆ ಉಕ್ಕಿ ಹಳದಿ ಉಂಗುರ ಅದರ ಸುತ್ತಲೇ ಬಿದ್ದಿದೆ.

ಕುಂದಾಪ್ರ ಎಕ್ಸ್‌ಪ್ರೆಸ್:

ಫೋಟೊ ಹಾಕಿ ಮಾರಾಯ್ರೆ.